ಪಾಚಿಯಿಂದ ಬಯೋಡೀಸೆಲ್: ಎಣ್ಣೆ ಸೋಪಾಗದಂತೆ ತಯಾರಿಸುವ ಬಗೆ

ಕ್ಲೋರೆಲ್ಲಾ ಪಾಚಿಯ ನೀರು ದಟ್ಟ ಹಸಿರಾದ ಮೇಲೆ ನೈಟ್ರೇಟ್ (ಸಾರಜನಕದ ಗೊಬ್ಬರ) ಕೊಡುವುದನ್ನು ನಿಲ್ಲಿಸಿ. ಸಾರಜನಕ ಸಿಗದ ಕೋಶಗಳು ಎಣ್ಣೆ ಕೂಡಿಡುತ್ತವೆ. ಜೊತೆಗೆ ಬೆಳವಣಿಗೆಯೂ ನಿಲ್ಲುವುದರಿಂದ ಇದಕ್ಕೆ ಆತುರ ಬೇಡ. ಸೋಸಿದ ಪಾಚಿಯನ್ನು ಪೂರ್ತಿ ಒಣಗಿಸಿ, ಹೆಕ್ಸೇನ್ ಎಂಬ ದ್ರಾವಕ ಬಳಸಿ ಎಣ್ಣೆ ತೆಗೆಯಿರಿ.

ಕೆಲಸ ಕೆಡುವುದು ಹೆಚ್ಚಾಗಿ ಮುಂದಿನ ಹಂತದಲ್ಲೇ, ಅಂದರೆ ಎಣ್ಣೆಯನ್ನು ಡೀಸೆಲ್ ಆಗಿ ಬದಲಿಸುವಾಗ. ಎಣ್ಣೆಯಲ್ಲಿ ನೀರು ಅಥವಾ ಮುಕ್ತ ಕೊಬ್ಬಿನಾಮ್ಲ (ಎಣ್ಣೆಯ ಅಣುವಿನಿಂದ ಬಿಡಿಯಾದ ಆಮ್ಲ) ಉಳಿದಿದ್ದರೆ ಕ್ಷಾರ ಬೆರೆತೊಡನೆ ಸೋಪಾಗುತ್ತದೆ. ಈ ಕೊಬ್ಬಿನಾಮ್ಲ ಶೇ 2 ಮೀರಿದ್ದರೆ ಮೊದಲು ಮೆಥನಾಲ್, ಸಲ್ಫ್ಯೂರಿಕ್ ಆಮ್ಲ ಹಾಕಿ ಎಸ್ಟರೀಕರಣ (ಕೊಬ್ಬಿನಾಮ್ಲವನ್ನೇ ಡೀಸೆಲ್ ಆಗಿ ಬದಲಿಸುವ ಕ್ರಿಯೆ) ಮಾಡಲೇಬೇಕು. ಬಳಿಕ 1 ಕಿಲೋ ಎಣ್ಣೆಗೆ ಸುಮಾರು 220 ಗ್ರಾಂ ಮೆಥನಾಲ್. ಅದರಲ್ಲಿ 10 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಮೇಲೆ ಹೇಳಿದ ಕ್ಷಾರ) ಕರಗಿಸಿ ಬೆರೆಸಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಲಕಿ. ಸುಮಾರು 65 ಡಿಗ್ರಿಗೆ ಮೆಥನಾಲ್ ಕುದಿಯುತ್ತದೆ; ಅದರ ಆವಿ ವಿಷಕಾರಿ, ಬೇಗ ಹೊತ್ತಿಕೊಳ್ಳುವಂಥದ್ದು. ತಳದಲ್ಲಿ ನಿಂತ ಗ್ಲಿಸರಿನ್ ಬಸಿದು, ಮೇಲಿನ ಡೀಸೆಲನ್ನು ಬಿಸಿನೀರಿನಲ್ಲಿ ತೊಳೆದು ನೀರಿನಂಶ ಆರಿಸಿ.