ಕಾರ್ ಶೆಡ್ಡಿಗೆ ಕೆಳಗೆ ಫರ್ಸಿ, ಮೇಲೆ ಸುಣ್ಣ

ಕಲಬುರಗಿಯ ನಮ್ಮ ಮನೆ ಪಕ್ಕದ ಕಾರ್ ಶೆಡ್ಡಿನ ಗೋಡೆ ಬರೀ ಸಿಮೆಂಟ್ ಬ್ಲಾಕಿನದು. ಕಟ್ಟಿಸಿ ಹಾಗೇ ಬಿಟ್ಟಿದ್ದೆ. ಗೌಂಡಿ ಬಂದು ನೋಡಿ, "ಪೂರಾ ಗಿಲಾವ್ ಮಾಡಿಸಿ ಪುಟ್ಟಿ ಹೊಡಿಸ್ರಿ ಸರ್" ಅಂದ. ಗಿಲಾವ್ ಅಂದರೆ ಸಿಮೆಂಟ್ ಪ್ಲಾಸ್ಟರ್. ಗಾಡಿ ನಿಲ್ಲೋ ಜಾಗಕ್ಕೆ ಪುಟ್ಟಿ ಯಾಕೆ? ಬಂಪರ್ ತಾಗುವುದು, ಟೈರಿನ ರಾಡಿ ಸಿಡಿಯುವುದು ಎಲ್ಲಾ ಕೆಳಗಿನ 3 ಅಡಿಯಲ್ಲೇ ಅಲ್ವಾ? ಗಟ್ಟಿ ಕೆಲಸ ಅಲ್ಲಿಗಷ್ಟೇ ಸಾಕು, ಮೇಲೆ ಸುಣ್ಣ ಎಂದು ತೀರ್ಮಾನಿಸಿದೆ.

ಕೆಳಗೆ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ. ಅಂಗಡಿಯ ಮೂಲೆಯಲ್ಲಿ ಅಂಚು ಮುರಿದ ತುಕಡಿಗಳು ಬಿದ್ದಿರುತ್ತವೆ, ಅಗ್ಗಕ್ಕೆ ಕೊಡುತ್ತಾರೆ. ತೆಳ್ಳಗಿರುವುದನ್ನೇ ಆರಿಸಬೇಕು, ದಪ್ಪ ಕಲ್ಲು ತನ್ನ ಭಾರಕ್ಕೇ ಜಾರುತ್ತದೆ. ಗಣಿಯಲ್ಲಿ ಪದರ ಪದರವಾಗಿ ಏಳುವ ಕಲ್ಲಾದ್ದರಿಂದ ಇದರ ಬೆನ್ನೂ ನುಣುಪು, ಸಿಮೆಂಟ್ ಸುಲಭಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಉಳಿಯಿಂದ ಬೆನ್ನಿಗೆ ಕಚ್ಚು ಹಾಕಿ, ನೀರಲ್ಲಿ ಕಲಸಿದ ಬರೀ ಸಿಮೆಂಟ್ ಬಳಿದುಕೊಂಡೆವು. ಕಲ್ಲು ಕೂರಿಸುವ ಮಾಲಿಗೆ (ಗಾರೆಗೆ) ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಉಸುಕು. ಕೂರಿಸಿದ ಮೇಲೆ ಬೆರಳ ಗಂಟಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಮಾಲು ತುಂಬಿಲ್ಲ ಅಂತ ಲೆಕ್ಕ. ಹಸಿ ಇದ್ದಾಗಲೇ ಕಿತ್ತು ಮತ್ತೆ ಕೂರಿಸಬೇಕು. ಆಮೇಲೆ ಒಂದು ವಾರ ನೀರು. ನಮ್ಮ ಬಿಸಿಲಿಗೆ ಬೆಳಿಗ್ಗೆ ಹೊಡೆದ ನೀರು ಮಧ್ಯಾಹ್ನಕ್ಕೆ ಇರಲ್ಲ, ಒದ್ದೆ ಗೋಣಿಚೀಲ ಇಳಿಬಿಟ್ಟೆ.

ಸುಣ್ಣ ನಾನೇ ಹೊಡೆದೆ. ಕಲ್ಲುಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದ್ದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ. ಕನ್ನಡಕ ಬೇಕೇಬೇಕು. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡಬ್ಬಿಯೇ ಸರಿ. ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಸೋಸಿದೆ. ಕೆಲವರು ಉಪ್ಪು ಹಾಕುತ್ತಾರೆ. ಶೆಡ್ಡಿನಲ್ಲಿ ಶಟರ್, ಸ್ಟ್ಯಾಂಡು ಎಲ್ಲಾ ಕಬ್ಬಿಣವೇ, ತುಕ್ಕು ಯಾಕೆ ಕರೀಬೇಕು? ಉಪ್ಪು ಬಿಟ್ಟು ಗೋಂದು, ಚಿಟಿಕೆ ನೀಲಿ ಹಾಕಿದೆ.

ಬ್ಲಾಕಿನ ಕುಳಿಗಳನ್ನು ಮುಂಚೆಯೇ ಮುಚ್ಚಿ, ಗೋಡೆ ತೋಯಿಸಿ, ಮಜ್ಜಿಗೆಯಷ್ಟು ತೆಳ್ಳಗೆ ಮೂರು ಕೈ ಹೊಡೆದೆ. ಮೊದಲ ಕೈ ಹೊಡೆದಾಗ ಏನೂ ಹತ್ತಿಲ್ಲ ಅನಿಸುತ್ತದೆ. ಗಾಬರಿಯಾಗಿ ದಪ್ಪ ಬಳಿದರೆ ಒಣಗಿ ಹಕ್ಕಳೆ ಏಳುತ್ತದೆ. ಆರಿದ ಮೇಲೆ ತಾನಾಗೇ ಬೆಳ್ಳಗಾಗುತ್ತದೆ. ಬ್ಲಾಕಿನ ಸಂದು ಕಾಣುತ್ತದೆ, ಕಾಣಲಿ ಬಿಡಿ. ಒರಗಿದರೆ ಅಂಗಿಗೆ ಸ್ವಲ್ಪ ಹತ್ತುತ್ತದೆ, ಅದೊಂದು ಕಿರಿಕಿರಿ.

ಹೊರಗಿನಿಂದ ಮಳೆನೀರು ಇಳಿಯುವ ಗೋಡೆಗೆ ಮಾತ್ರ ಈ ದಾರಿ ಬೇಡ. ಅದಕ್ಕೆ ಮೊದಲು ಹೊರಮೈಗೆ ಗಿಲಾವ್ ಆಗಬೇಕು.