ಎಂಡಿಎ ಜಾಸ್ತಿ ಅಂತ ರಿಪೋರ್ಟ್ ಬಂದ್ರೆ ಬಸುರಿ ಹೆಣ್ಮಕ್ಳು ಏನ್ ಮಾಡ್ಬೇಕು?

ಮೊನ್ನೆ ಮದ್ದೂರಿಂದ ಅಕ್ಕನ ಮಗಳು ಫೋನ್ ಮಾಡಿ ಅಳ್ತಿದ್ಲು. ಐದು ತಿಂಗಳ ಬಸುರಿ. ಯಾವ್ದೋ ಲ್ಯಾಬ್‌ನ ಪ್ಯಾಕೇಜಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ (ಜೀವಕೋಶ ಎಷ್ಟು ಕೆಡ್ತಿದೆ ಅಂತ ನೋಡೋ) ಟೆಸ್ಟೂ ಸೇರಿತ್ತಂತೆ, "ಚಿಕ್ಕಮ್ಮ, ಎಂಡಿಎ ಜಾಸ್ತಿ ಇದ್ಯಂತೆ, ಮಗೂಗೇನಾದ್ರೂ ಆಗತ್ತಾ" ಅಂದ್ಲು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ.

ಮೊದ್ಲು ಅದೇನು ಅಂತ ತಿಳ್ಕೊಳ್ಳಿ. ಹಳೇ ಎಣ್ಣೆ ಕಮಟು ಹಿಡಿಯತ್ತಲ್ಲ, ಹಾಗೇ ನಮ್ ಜೀವಕೋಶದ ಕೊಬ್ಬೂ ಕೆಡತ್ತೆ, ಆಗ ಹುಟ್ಟೋ ವಸ್ತುನೇ ಈ ಎಂಡಿಎ, ಪೂರ್ತಿ ಹೆಸರು ಮ್ಯಾಲೊನ್‌ಡೈಆಲ್ಡಿಹೈಡ್. ಮಾಸಿಗೆ ರಕ್ತ ಕೊಡೋ ತಾಯಿಯ ನಾಳಗಳು ಸರಿಯಾಗಿ ಅಗಲ ಆಗ್ದಿದ್ರೆ ರಕ್ತ ಒಂದೇ ಸಮ ಹರಿಯಲ್ಲ, ನಿಂತು ನಿಂತು ಬರತ್ತೆ, ಅದ್ರಿಂದ ಈ ಕೆಡೋದು ಜಾಸ್ತಿಯಾಗಿ ಮಾಸು ತಾಯಿ ರಕ್ತಕ್ಕೆ ಬಿಡೋ ಅಂಶಗಳು ಬಿಪಿ ಏರಿಸ್ತವೆ. ಬಸುರಿ ಬಿಪಿ ಇರೋರಲ್ಲಿ ಎಂಡಿಎ ಸರಾಸರಿ ಜಾಸ್ತಿ ಇರೋದು ನಿಜ. ಆದ್ರೆ ಎಲ್ಲಾ ಚೆನ್ನಾಗಿರೋ ಬಸುರೀಲೂ ಅದು ಸ್ವಲ್ಪ ಏರತ್ತೆ, ಲ್ಯಾಬಿಂದ ಲ್ಯಾಬಿಗೆ ಅಳೆಯೋ ರೀತಿ ಬೇರೆ, ಇಷ್ಟು ದಾಟಿದ್ರೆ ಅಪಾಯ ಅನ್ನೋ ಎಲ್ರೂ ಒಪ್ಪಿರೋ ಗೆರೆನೇ ಇಲ್ಲ.

ಹಂಗಾಗಿ ಆ ಕಾಗದ ತಾಯಿ ಕಾರ್ಡ್ ಒಳಗಿಟ್ಟು ಡಾಕ್ಟ್ರಿಗೆ ತೋರ್ಸಿ, ನೀವು ಬಿಪಿ ನೋಡಿಸ್ಕೊಳ್ಳಿ. ಓಡ್ಕೊಂಡ್ ಹೋಗಿ ತಕ್ಷಣ ಕೈ ಚಾಚ್ಬೇಡಿ. ಮೂತ್ರ ಮಾಡ್ಬಂದು, ಬೆನ್ನು ಒರಗಿಸಿ, ಕಾಲ್ಮೇಲೆ ಕಾಲು ಹಾಕ್ದೆ ಐದು ನಿಮಿಷ ಸುಮ್ನೆ ಕೂತು, ತೋಳು ಎದೆ ಮಟ್ಟಕ್ಕಿಟ್ಟು ಅಳೆಸಿ. 20 ವಾರ ಆದ್ಮೇಲೆ ನಾಲ್ಕು ಗಂಟೆ ಬಿಟ್ಟು ಎರಡ್ಸಲ ನೋಡಿದ್ರೂ 140/90 ಅಥವಾ ಮೇಲಿದ್ರೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ಯಾ ಅಂತ ಪರೀಕ್ಷೆ ಆಗ್ಲೇಬೇಕು. 160/110 ಮುಟ್ಟಿದ್ರೆ, ಅಥವಾ ಬಿಡದ ತಲೆನೋವು, ಕಣ್ಮುಂದೆ ಮಿಂಚು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ.

ಶುಗರ್ ಟೆಸ್ಟೂ ಬಿಡ್ಬೇಡಿ, 75 ಗ್ರಾಂ ಗ್ಲೂಕೋಸ್ ಕುಡ್ದು ಎರಡು ಗಂಟೆಗೆ 140 ಅಥವಾ ಮೇಲೆ ಬಂದ್ರೆ ಡಾಕ್ಟ್ರು ಮುಂದಿಂದು ಹೇಳ್ತಾರೆ.

ಈ ಕೆಡೋದನ್ನ ತಡೀತವೆ ಅಂತ ಮೆಡಿಕಲ್ ಶಾಪಿಗೆ ಹೋಗಿ ವಿಟಮಿನ್ ಸಿ, ಇ ಮಾತ್ರೆ ಮಾತ್ರ ನೀವಾಗೇ ತಗೋಬೇಡಿ, ಇದು ಕೈಮುಗಿದು ಹೇಳೋ ಮಾತು. ಬ್ರಿಟನ್ನಲ್ಲಿ ಅಪಾಯ ಜಾಸ್ತಿ ಇದ್ದ ಸುಮಾರು 2400 ಬಸುರಿಯರ ಮೇಲೆ ಇದನ್ನ ಪರೀಕ್ಷೆ ಮಾಡಿ 2006ರಲ್ಲಿ ಫಲಿತಾಂಶ ಹೊರಗೆ ಬಂತು, ಬಿಪಿ ಕಾಯಿಲೆ ಕಮ್ಮಿ ಆಗ್ಲಿಲ್ಲ, ಮಾತ್ರೆ ತಗೊಂಡೋರಲ್ಲಿ ತೂಕ ಕಮ್ಮಿ ಇರೋ ಮಕ್ಳೇ ಹೆಚ್ಚು ಹುಟ್ಟಿದ್ವು. ನೆಲ್ಲಿಕಾಯಿ, ಸೀಬೆಹಣ್ಣು, ಸೊಪ್ಪು ತಿನ್ನಿ. ಸೌದೆ ಒಲೆ, ಆಲೆಮನೆ ಹೊಗೆಯಿಂದ ದೂರ ಇರಿ, ಕಡ್ಡಿಪುಡಿ ಬಿಡಿ.

ನಮ್ಮ ಹುಡ್ಗಿ ಮಾರನೇ ದಿನಾನೇ ಹೋಗಿ ನೋಡಿಸ್ಕೊಂಡ್ಲು, 118/76. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೇಲಿ ಬಸುರಿಯರಿಗೆ ಫ್ರೀ ಚೆಕಪ್ ಇರತ್ತಲ್ಲ, ಈ ಸಲ ಅದಕ್ಕೆ ನಾನೂ ಜೊತೇಲಿ ಹೋಗ್ತಿದೀನಿ.