ಡೋರ್ ಸ್ಪೀಕರಿಗೆ ಹೋಗುವ ಬೇಸ್ ತಡೆದದ್ದು: ನನ್ನ ಅನುಭವ

ಕಾರಿಗೆ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್) ಹಾಕಿಸಿದ ಮೇಲೆ ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಸೀಟಿನ ಕೆಳಗೆ ಸಬ್‌ವೂಫರ್ ಗುಮ್ಮೆನ್ನುತ್ತಿದ್ದರೂ ಬಾಗಿಲಿನ ಸ್ಪೀಕರಿಗೂ ಅದೇ ಬೇಸ್ ಹೋಗುತ್ತಲೇ ಇರುತ್ತದೆ. ಆವರ್ತನ ಅರ್ಧಕ್ಕಿಳಿದರೆ, ಅಷ್ಟೇ ಸದ್ದು ಕೊಡಲು ಸ್ಪೀಕರಿನ ಕೋನ್ (ಅದುರುವ ಪರದೆ) ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಆಡಬೇಕು. ಬಾಗಿಲಿನ ಆರೂವರೆ ಇಂಚಿನ ಸ್ಪೀಕರ್ ಅದನ್ನು ತಾಳುವುದಿಲ್ಲ. ಹಾಡುವವರ ದನಿಯನ್ನೂ ಅದೇ ಕೋನ್ ಕೊಡಬೇಕಲ್ಲ, ದನಿ ಒಡೆಯುತ್ತದೆ.

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುತ್ತ ಯಕ್ಷಗಾನದ ರೆಕಾರ್ಡಿಂಗ್ ಹಾಕಿಕೊಳ್ಳುವುದು ನನ್ನ ರೂಢಿ. ವಾಲ್ಯೂಮ್ ಏರಿಸಿದರೆ ಮದ್ದಳೆಯ ಪೆಟ್ಟು ಬಿದ್ದಾಗಲೆಲ್ಲ ಭಾಗವತರ ದನಿ ನಡುಗುತ್ತಿತ್ತು, ಬಾಗಿಲಿನ ಪ್ಯಾನಲ್ ಬೇರೆ ಜರ್ ಎನ್ನುತ್ತಿತ್ತು. ಭಾಗವತಿಕೆ ಹಾಗೆ ಕೆಡುವುದನ್ನು ಕೇಳಿಕೊಂಡಿರಲು ನನ್ನಿಂದಾಗಲಿಲ್ಲ.

ಸ್ಟೀರಿಯೋದಲ್ಲೇ ಎಚ್‌ಪಿಎಫ್ (ತಗ್ಗಿನ ಸದ್ದು ತಡೆದು ಮೇಲಿನದನ್ನು ಬಿಡುವ ಫಿಲ್ಟರ್) ಇದ್ದರೆ ಅದನ್ನು 80 ಹರ್ಟ್ಜ್‌ಗೆ ಇಟ್ಟರೆ ಸಾಕು, ಬೇರೇನೂ ಬೇಡ. ನನ್ನದು ಕಾರಿನ ಜೊತೆಗೇ ಬಂದ ಸ್ಟೀರಿಯೋ, ಅದರಲ್ಲಿ ಇದಿಲ್ಲ. ಹಾಗಾಗಿ ಪ್ರತಿ ಸ್ಪೀಕರಿನ ಪ್ಲಸ್ ವೈರನ್ನು ಕತ್ತರಿಸಿ ನಡುವೆ ಒಂದು ಕೆಪಾಸಿಟರ್ ಸೇರಿಸಿದೆ, ತಗ್ಗಿನ ಸದ್ದನ್ನು ಅದೂ ತಡೆಯುತ್ತದೆ. ಲೆಕ್ಕ ಸುಲಭ: ಸ್ಪೀಕರಿನ ಓಮನ್ನು ಬೇಕಾದ ಹರ್ಟ್ಜ್‌ನಿಂದ ಗುಣಿಸಿ, 1,59,155ನ್ನು ಅದರಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಸಿಗುತ್ತದೆ. 4 ಓಮ್‌ಗೆ 330 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 120 ಹರ್ಟ್ಜ್. ಇದರ ಇಳಿಜಾರು ನಿಧಾನ, ಆಕ್ಟೇವ್‌ಗೆ, ಅಂದರೆ ಆವರ್ತನ ಅರ್ಧಕ್ಕಿಳಿದಾಗಲೆಲ್ಲ, 6 ಡೆಸಿಬೆಲ್ ಅಷ್ಟೆ. ಅದಕ್ಕೇ 80 ಬಿಟ್ಟು 120 ಆರಿಸಿದೆ. 60 ಹರ್ಟ್ಜ್‌ನಲ್ಲಿ ಸ್ಪೀಕರಿಗೆ ಐದರಲ್ಲೊಂದು ಪಾಲು ಪವರ್ ಮಾತ್ರ ಮುಟ್ಟುತ್ತದೆ. ಇದು ಕಾಗದದ ಲೆಕ್ಕ. ಸ್ಪೀಕರಿನ ಓಮ್ ಎಲ್ಲ ಆವರ್ತನದಲ್ಲೂ ಒಂದೇ ಇರುವುದಿಲ್ಲವಾದ್ದರಿಂದ ನಿಜದಲ್ಲಿ ತುಸು ಹೆಚ್ಚುಕಮ್ಮಿ ಆಗುತ್ತದೆ.

ಕೆಪಾಸಿಟರ್ ನಾನ್‌ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ್ದು) ಆಗಿರಲೇಬೇಕು, 50 ವೋಲ್ಟಿನದ್ದು. ಮೈನಸ್ ಪಟ್ಟಿ ಇರುವ ಮಾಮೂಲಿಯದು ಇಲ್ಲಿ ನಡೆಯುವುದಿಲ್ಲ.

ನಮ್ಮ ಕಡೆ ಇನ್ನೊಂದು ಮಾತು ಮುಖ್ಯ. ಮಳೆನೀರು ಗಾಜಿನಗುಂಟ ಬಾಗಿಲೊಳಗೆ ಇಳಿದು ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಕಾರವಾರ, ಅಂಕೋಲಾ ಕಡೆ ಓಡಾಡುವ ಗಾಡಿಗೆ ಉಪ್ಪುಗಾಳಿಯೂ ಸೇರುತ್ತದೆ. ವೈರ್ ತಿರುಚಿ ಟೇಪ್ ಸುತ್ತಿದರೆ ತಾಮ್ರ ಹಸಿರುಗಟ್ಟುತ್ತದೆ. ಸೋಲ್ಡರ್ ಮಾಡಿ, ಹೀಟ್‌ಶ್ರಿಂಕ್ (ಬಿಸಿಗೆ ಬಿಗಿಯುವ ಕೊಳವೆ) ಹಾಕಿ, ಕೆಪಾಸಿಟರನ್ನು ನೀರಿನ ದಾರಿಗೆ ಸಿಗದಂತೆ ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯ ಈಚೆಗೆ, ಪ್ಯಾನಲ್ ಬದಿಗೆ ಬಿಗಿಯಾಗಿ ಕಟ್ಟಿದೆ.

ಸಬ್‌ವೂಫರಿನ ಎಲ್‌ಪಿಎಫ್ (ತಗ್ಗಿನ ಸದ್ದನ್ನು ಮಾತ್ರ ಬಿಡುವ ಫಿಲ್ಟರ್) 100 ಹರ್ಟ್ಜ್‌ನ ಹತ್ತಿರ ಇಟ್ಟೆ. ಸಬ್‌ವೂಫರಿನ ಕೋನ್ ಆಡುವ ದಿಕ್ಕನ್ನು ತಿರುಗಿಸುವ ಫೇಸ್ ಸ್ವಿಚ್ಚನ್ನು 0 ಮತ್ತು 180 ಡಿಗ್ರಿ ಎರಡರಲ್ಲೂ ಇಟ್ಟು, ಡ್ರೈವರ್ ಸೀಟಿನಲ್ಲೇ ಕೂತು ಕೇಳಬೇಕು. ಮದ್ದಳೆ ಯಾವುದರಲ್ಲಿ ತುಂಬಿ ಕೇಳುತ್ತದೋ ಅದೇ ಸರಿ. ನನ್ನ ಕಾರಿಗೆ 180 ಕೂತಿತು.